ಫ್ಲಾರೆನ್ಸ್, 1478: ನಿಮ್ಮ ಆಟಗಾರರು ಯಾರ ಕಡೆಯವರು?

ಪ್ರಶ್ನೆ: ನಾವು ಐದು ಜನ ಗೆಳೆಯರು ವಾರಕ್ಕೊಮ್ಮೆ ಕೂತು ರೋಲ್‌ಪ್ಲೇಯಿಂಗ್ ಗೇಮ್, ಅಂದರೆ ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಕತೆ ಬೆಳೆಸುವ ಆಟ, ಆಡುತ್ತೇವೆ. ಕತೆ ನಡೆಸುವ ಗೇಮ್ ಮಾಸ್ಟರ್ ನಾನು. ಮುಂದಿನ ಕ್ಯಾಂಪೇನನ್ನು, ಅಂದರೆ ಹಲವು ವಾರ ಸಾಗುವ ಕತೆಯನ್ನು, ಡ್ರ್ಯಾಗನ್ನು, ಮಾಟಮಂತ್ರ ಯಾವುದೂ ಇಲ್ಲದೆ ರಿನೈಸಾನ್ಸ್ ಕಾಲದ ಫ್ಲಾರೆನ್ಸ್ ನಗರದಲ್ಲಿ ನಡೆಸಬೇಕೆಂದಿದೆ. ಮೆದಿಚಿ ಮನೆತನ, ಲಿಯೊನಾರ್ಡೊ, ದೊಡ್ಡ ಗುಮ್ಮಟ ಇಷ್ಟು ಗೊತ್ತು. ಆದರೆ ಜನ ಏನು ತಿನ್ನುತ್ತಿದ್ದರು, ಜೇಬಿನಲ್ಲಿ ಎಷ್ಟು ದುಡ್ಡು ಇರುತ್ತಿತ್ತು, ರಾತ್ರಿ ಬೀದಿಗಿಳಿದರೆ ಏನಾಗುತ್ತಿತ್ತು ಎಂದು ಕೇಳಿದರೆ ಬಾಯಿ ಕಟ್ಟುತ್ತದೆ. ನಮ್ಮ ಹುಡುಗರಂತೂ ಮೊದಲ ಸೆಷನ್‌ನಲ್ಲೇ ಟ್ಯಾವರ್ನಿಗೆ ನುಗ್ಗಿ, ಚಿನ್ನದ ನಾಣ್ಯ ಎಸೆದು ಊಟ ಕೇಳುತ್ತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಚಿನ್ನದ ನಾಣ್ಯ ಎಸೆದರೆ ಊಟಕ್ಕಿಂತ ಮೊದಲು ಅನುಮಾನ ಬರುತ್ತದೆ. ಫ್ಲೋರಿನ್ ಎಂದರೆ ಸುಮಾರು 3.5 ಗ್ರಾಂ ಅಪ್ಪಟ ಚಿನ್ನ, ಕೂಲಿಯವನ ಹನ್ನೆರಡು ದಿನದ ದುಡಿಮೆ. ಅಷ್ಟಕ್ಕೆ ಚಿಲ್ಲರೆ ಟ್ಯಾವರ್ನಿನವನ ಹತ್ತಿರ ಇರುವುದಿಲ್ಲ. ನಾಣ್ಯ ಪರೀಕ್ಷಿಸಿ ತರಲು ಹುಡುಗನನ್ನು ಮೆರ್ಕಾತೊ ನೂವೊದಲ್ಲಿ ಮೇಜು ಹಾಕಿ ಕೂತ ಹಣ ಬದಲಿಸುವವರ ಬಳಿ ಓಡಿಸುತ್ತಾನೆ. ಈ ಕಡೆ ನಿಮ್ಮ ಆಟಗಾರರನ್ನು ಮೇಲಿಂದ ಕೆಳಗೆ ನೋಡಿ ಕೇಳುತ್ತಾನೆ: ನೀವು ಯಾರ ಕಡೆಯವರು?

ಈ ಒಂದು ಪ್ರಶ್ನೆಯ ಮೇಲೆ ಇಡೀ ಕ್ಯಾಂಪೇನ್ ನಿಲ್ಲಿಸಬಹುದು. ಆಗಿನ ಫ್ಲಾರೆನ್ಸ್‌ನಲ್ಲಿ ಇದ್ದದ್ದು ಸುಮಾರು 40,000 ಜನ. 1348ರ ಪ್ಲೇಗಿಗೆ ಮುಂಚೆ ಇದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜನ ಇದ್ದರು. 1333ರಲ್ಲಿ ಮುಗಿದ ಕೋಟೆಗೋಡೆ ಆ ದೊಡ್ಡ ಊರಿಗೆಂದು ಕಟ್ಟಿದ್ದು, ಹಾಗಾಗಿ ಗೋಡೆಯ ಒಳಗೇ ತೋಟ, ಬಯಲು ಉಳಿದುಕೊಂಡಿವೆ. ಉತ್ತರದ ಸಾನ್ ಗಾಲ್ಲೊ ಬಾಗಿಲಿನಿಂದ ರೋಮ್ ದಾರಿಯ ದಕ್ಷಿಣದ ಬಾಗಿಲಿಗೆ ನಡೆದರೆ ಮುಕ್ಕಾಲು ಗಂಟೆ. ಇಷ್ಟು ಪುಟ್ಟ ಊರಿನಲ್ಲಿ ಪ್ರತಿಯೊಬ್ಬನೂ ಒಂದು ಮನೆಗೆ, ಒಂದು ಬೀದಿಗೆ, ಒಂದು ಚರ್ಚಿಗೆ, ಒಂದು ಕಸುಬಿನ ಸಂಘಕ್ಕೆ ಸೇರಿದವನು. ಯಾರಿಗೂ ಸೇರದ, ಕತ್ತಿ ಕಟ್ಟಿದ ಐದು ಜನರ ಗುಂಪು ಅಲ್ಲಿ ಡ್ರ್ಯಾಗನ್ನಿಗಿಂತ ವಿಚಿತ್ರವಾಗಿ ಕಾಣುತ್ತದೆ. ಮಾಮೂಲಿ ಫ್ಯಾಂಟಸಿ ರೂಲ್‌ಬುಕ್ ಇಟ್ಟುಕೊಂಡು ಈ ಕಾಲ ಆಡಿಸಲು ಹೊರಟವರು ಎಡವುವುದು ಇಲ್ಲೇ. ಬಟ್ಟೆ, ಕಟ್ಟಡ, ಹೆಸರು ಎಲ್ಲ ಇಟಲಿಯದು. ಆಟಗಾರರು ಮಾತ್ರ ಬೇರಿಲ್ಲದ ಅಲೆಮಾರಿಗಳು.

ಆದ್ದರಿಂದ ಕ್ಯಾರೆಕ್ಟರ್ ಶೀಟಿನಲ್ಲಿ ಶಕ್ತಿ, ಚುರುಕುತನದ ಅಂಕಿಗಳಿಗಿಂತ ಮೊದಲು ಮೂರು ವಿಷಯ ಬರೆಸಿ: ಯಾವ ಕ್ವಾರ್ಟರಿನವನು, ಯಾವ ಸಂಘದ ನೆರಳಲ್ಲಿ ದುಡಿಯುತ್ತಾನೆ, ಕಷ್ಟ ಬಂದರೆ ಯಾರ ಮನೆ ಬಾಗಿಲು ತಟ್ಟುತ್ತಾನೆ. 1343ರಿಂದ ಊರು ನಾಲ್ಕು ಕ್ವಾರ್ಟರ್: ಆರ್ನೊ ನದಿಯಾಚೆಗೆ ಸಾಂತೊ ಸ್ಪಿರಿತೊ, ಈಚೆಗೆ ಸಾಂತಾ ಕ್ರೋಚೆ, ಸಾಂತಾ ಮರಿಯಾ ನೊವೆಲ್ಲಾ, ಸಾನ್ ಜೊವಾನ್ನಿ. ಒಂದೊಂದರಲ್ಲೂ ನಾಲ್ಕು ‘ಗೊನ್ಫಾಲೊನೆ’, ಅಂದರೆ ಒಂದೊಂದು ಬಾವುಟದ ಕೆಳಗಿನ ಕೇರಿ. ತೆರಿಗೆ, ಅಧಿಕಾರ, ಮದುವೆ ಸಂಬಂಧ ಎಲ್ಲ ಈ ಕೇರಿಯ ಮಟ್ಟದಲ್ಲೇ ತೀರ್ಮಾನ. ಸಂಘಗಳು 21, ಅದರಲ್ಲಿ ದೊಡ್ಡವು 7. ಇಲ್ಲಿ ಆಟಕ್ಕೆ ಒದಗುವ ವಿಚಿತ್ರಗಳು ಬಹಳ. ಬಣ್ಣದ ಪುಡಿ ಮಾರುವವರು ಔಷಧಿ ಅಂಗಡಿಯವರಾದ್ದರಿಂದ ಚಿತ್ರಕಾರರು ವೈದ್ಯರ ಮತ್ತು ಔಷಧಿ ವ್ಯಾಪಾರಿಗಳ ಸಂಘದಲ್ಲಿ. ಅಕ್ಕಸಾಲಿಗರು ರೇಷ್ಮೆ ಸಂಘದಲ್ಲಿ. ಕಲ್ಲು ಕೆತ್ತುವವರು ಗಾರೆ, ಮರಗೆಲಸದವರ ಜೊತೆ. ವಿಷ ಬೇಕಾದವನೂ ನೀಲಿ ಬಣ್ಣ ಬೇಕಾದವನೂ ಒಂದೇ ಅಂಗಡಿಯ ಕಟ್ಟೆಯ ಮುಂದೆ ನಿಂತಿರುತ್ತಾರೆ.

ಹೆಸರಿಡುವುದೂ ಸುಲಭ. ಸಾಮಾನ್ಯ ಜನಕ್ಕೆ ಮನೆತನದ ಹೆಸರೇ ಇರುತ್ತಿರಲಿಲ್ಲ. ತನ್ನ ಹೆಸರು, ಅಪ್ಪನ ಹೆಸರು, ಬೇಕಾದರೆ ತಾತನ ಹೆಸರು: ಪಿಯೆರೊ ದಿ ಯಾಕೊಪೊ ದಿ ನಾನ್ನಿ. ಗೌರವಸೂಚಕಗಳನ್ನು ಮಾತ್ರ ಕಲಸಬೇಡಿ. ನೋಟರಿಗೆ ‘ಸೆರ್’, ನೈಟ್ ಆದವನಿಗೂ ಕಾನೂನು ಪಂಡಿತನಿಗೂ ‘ಮೆಸ್ಸೆರ್’, ವೈದ್ಯನಿಗೆ ಮತ್ತು ಕಸುಬಿನ ಮೇಸ್ತ್ರಿಗೆ ‘ಮಾಯೆಸ್ತ್ರೊ’, ಮದುವೆಯಾದ ಹೆಂಗಸಿಗೆ ‘ಮೊನ್ನಾ’. ಊರನ್ನೇ ಕೈಯಲ್ಲಿಟ್ಟುಕೊಂಡ ಲೊರೆಂಜೊ ದೆ ಮೆದಿಚಿ ನೈಟ್ ಅಲ್ಲ, ಹಾಗಾಗಿ ಮೆಸ್ಸೆರ್ ಅಲ್ಲ. ಅವನನ್ನು ದೊರೆ, ಡ್ಯೂಕ್ ಎಂದು ಕರೆದರೆ ಕೇಳಿದವರು ಗಾಬರಿಯಾಗುತ್ತಾರೆ. ಊರು ಗಣರಾಜ್ಯ, ಮೆದಿಚಿಗಳು ಫ್ಲಾರೆನ್ಸ್‌ಗೆ ಡ್ಯೂಕ್ ಆಗುವುದು 1532ಕ್ಕೆ. ಕಾಗದದ ಮೇಲೆ ಆಳುವುದು ಸಿನ್ಯೊರಿಯಾ: ಪ್ರಿಯರ್ ಎಂಬ ಎಂಟು ಸದಸ್ಯರು, ಮೇಲೊಬ್ಬ ಮುಖ್ಯಸ್ಥ, ಗೊನ್ಫಾಲೊನಿಯೆರೆ. ಚೀಲದಿಂದ ಚೀಟಿ ಎತ್ತಿ ಆರಿಸುತ್ತಾರೆ, ಅಧಿಕಾರ ಎರಡೇ ತಿಂಗಳು, ಆ ಎರಡು ತಿಂಗಳೂ ಅರಮನೆಯಲ್ಲೇ ವಾಸ. ಮೆದಿಚಿಗಳ ಕೈಚಳಕವೆಲ್ಲ ಯಾರ ಹೆಸರು ಚೀಲದೊಳಗೆ ಬೀಳಬೇಕು ಎಂಬುದರಲ್ಲಿ. ಎರಡು ತಿಂಗಳಿಗೊಮ್ಮೆ ಬದಲಾಗುವ ಸರ್ಕಾರ ಗೇಮ್ ಮಾಸ್ಟರಿಗೆ ವರ. ಹೋದ ಸೆಷನ್‌ನಲ್ಲಿ ಲಂಚ ತಿಂದವನು ಈ ಸೆಷನ್‌ಗೆ ಮನೆಗೆ ಹೋಗಿರುತ್ತಾನೆ.

ದುಡ್ಡಿನ ಲೆಕ್ಕ

ಎರಡು ಹಣ ಜೊತೆಜೊತೆಗೆ ಓಡುತ್ತವೆ. ಚಿನ್ನದ ಫ್ಲೋರಿನ್ ಸಗಟು ವ್ಯಾಪಾರಕ್ಕೆ, ವರದಕ್ಷಿಣೆಗೆ, ತೆರಿಗೆ ಲೆಕ್ಕಕ್ಕೆ. ಬೆಳ್ಳಿ, ತಾಮ್ರ ಬೆರೆಸಿದ ಚಿಲ್ಲರೆ ಸಂಬಳಕ್ಕೆ, ಸಂತೆಗೆ. ಚಿಲ್ಲರೆ ಲೆಕ್ಕ ಹೀಗೆ: 12 ದೆನಾರಿಗೆ 1 ಸೋಲ್ದೊ, 20 ಸೋಲ್ದಿಗೆ 1 ಲೀರಾ. ಲೀರಾ ಲೆಕ್ಕದ ಪುಸ್ತಕದಲ್ಲಿ ಮಾತ್ರ. ಕೈಯಲ್ಲಿ ಓಡಾಡುವುದು ಹೆಚ್ಚಾಗಿ ಕ್ವಾತ್ರಿನೊ, ನಾಲ್ಕು ದೆನಾರಿಯ ನಾಣ್ಯ. ಫ್ಲೋರಿನ್ನಿಗೆ ಇಷ್ಟೇ ಚಿಲ್ಲರೆ ಎಂಬ ಕಟ್ಟು ಇಲ್ಲ, ದರ ಮಾರುಕಟ್ಟೆಯಲ್ಲಿ ಏರಿಳಿಯುತ್ತದೆ. ಶತಮಾನದ ಆರಂಭದಲ್ಲಿ 80 ಸೋಲ್ದಿಯ ಆಸುಪಾಸು ಇದ್ದದ್ದು 1500ರ ಹೊತ್ತಿಗೆ 140. ನಿಮ್ಮ ಕ್ಯಾಂಪೇನಿನ ವರ್ಷಕ್ಕೆ 110 ಎಂದಿಟ್ಟುಕೊಳ್ಳಿ. ಬಡವನಿಗೆ ಕೂಲಿ ಚಿಲ್ಲರೆಯಲ್ಲಿ ಬರುತ್ತದೆ, ಚಿಲ್ಲರೆ ಸವೆಯುತ್ತಾ ಹೋಗುತ್ತದೆ, ಒಡೆಯನ ಪೆಟ್ಟಿಗೆಯ ಚಿನ್ನ ಹಾಗೇ ನಿಲ್ಲುತ್ತದೆ. ಕೂಲಿಯವರ ಸಿಟ್ಟಿಗೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಕಟ್ಟಡ ಕೆಲಸದ ಕೂಲಿಗೆ ದಿನಕ್ಕೆ 8ರಿಂದ 10 ಸೋಲ್ದಿ, ಪಳಗಿದ ಮೇಸ್ತ್ರಿಗೆ 15ರಿಂದ 20. ಭಾನುವಾರ, ಸಂತರ ಹಬ್ಬ ಕಳೆದರೆ ವರ್ಷಕ್ಕೆ ಸುಮಾರು 260 ದಿನ ಕೆಲಸ. 9 ಸೋಲ್ದಿಯಂತೆ ಹಿಡಿದರೆ ವರ್ಷಕ್ಕೆ 2,340 ಸೋಲ್ದಿ, ಅಂದರೆ 21 ಫ್ಲೋರಿನ್. ಗೋಧಿ ಅಳೆಯುವುದು ‘ಸ್ತಾಯೊ’ದಲ್ಲಿ: ಸುಮಾರು 24 ಲೀಟರ್, ತೂಕದಲ್ಲಿ 18 ಕಿಲೋ, ಒಬ್ಬನಿಗೆ ಒಂದು ತಿಂಗಳ ಅನ್ನ. ಸಾಧಾರಣ ವರ್ಷದಲ್ಲಿ ಒಂದು ಸ್ತಾಯೊಗೆ 15ರಿಂದ 20 ಸೋಲ್ದಿ. ನಾಲ್ಕು ಜನರ ಸಂಸಾರಕ್ಕೆ ತಿಂಗಳಿಗೆ 60ರಿಂದ 80 ಸೋಲ್ದಿ ಗೋಧಿಗೇ ಹೋಯಿತು. ತಿಂಗಳ ಗಳಿಕೆ 195. ಗೋಧಿ ಬೆಲೆ ದುಪ್ಪಟ್ಟಾದರೆ ಬಾಡಿಗೆ, ಸೌದೆ, ವೈನಿಗೆ ಹೆಚ್ಚೇನೂ ಉಳಿಯುವುದಿಲ್ಲ. ಊರಿನ ಮೂಡ್ ಬದಲಾಯಿಸಲು ನೀವು ತಿರುಗಿಸಬೇಕಾದ ಒಂದೇ ಗುಂಡಿ ಈ ಬೆಲೆ. ಸೆಷನ್ ಶುರುವಿನಲ್ಲಿ ಎರಡು ದಾಳ ಉರುಳಿಸಿ. ಮೊತ್ತ 7ರ ಆಸುಪಾಸು ಬಂದರೆ 18 ಸೋಲ್ದಿ, 11–12 ಬಂದರೆ 30 ದಾಟಿಸಿ, ಮೆರ್ಕಾತೊ ವೆಕ್ಯೊದ ಹಳೇ ಸಂತೆಯಲ್ಲಿ ಕೈಕೈ ಮಿಲಾಯಿಸುವವರನ್ನು ತೋರಿಸಿ.

ನಿಮ್ಮ ರೂಲ್‌ಬುಕ್ಕಿನ ಬೆಲೆಪಟ್ಟಿಯನ್ನು ಸಾಲುಸಾಲಾಗಿ ಅನುವಾದಿಸಲು ಹೋಗಬೇಡಿ. ಅದರಲ್ಲಿ ಕೂಲಿಯವನ ದಿನಗೂಲಿ ಎಷ್ಟಿದೆ ನೋಡಿ, ಅದನ್ನು 9 ಸೋಲ್ದಿಗೆ ಸಮ ಮಾಡಿ, ಉಳಿದದ್ದಕ್ಕೆ ಅದೇ ಅನುಪಾತ ಹಚ್ಚಿ. ಎರಡು ಕಡೆ ಮಾತ್ರ ಕೈಯಾರೆ ತಿದ್ದಬೇಕು. ಬಟ್ಟೆಯ ಬೆಲೆ ರೂಲ್‌ಬುಕ್ಕುಗಳಲ್ಲಿ ತೀರಾ ಅಗ್ಗ; ಇಲ್ಲಿ ಕೆಂಪು ಬಣ್ಣದ ಒಳ್ಳೇ ಉಣ್ಣೆ ನಿಲುವಂಗಿ ಎಂದರೆ ಕೂಲಿಯವನ ಹಲವು ತಿಂಗಳ ಸಂಬಳ. ದುಡಿಮೆ ಮಾತ್ರ ಇಲ್ಲಿ ಅಗ್ಗ; ಸಂದೇಶ ಒಯ್ಯಲು, ಹೊರೆ ಹೊರಲು, ಬೀದಿ ಕಾಯಲು ಹುಡುಗರು ಕ್ವಾತ್ರಿನೊ ಲೆಕ್ಕದಲ್ಲಿ ಸಿಗುತ್ತಾರೆ.

ದೊಡ್ಡ ಮೊತ್ತ ಕೊಡುವಾಗ ಚಿನ್ನದ ಗಂಟು ಕೊಡಬೇಡಿ. 1,000 ಫ್ಲೋರಿನ್ ಮೂರೂವರೆ ಕಿಲೋ. ಹೊತ್ತುಕೊಂಡು ಹೋಗುವ ವ್ಯಾಪಾರಿಯನ್ನು ಮೂರ್ಖ ಅನ್ನುತ್ತಾರೆ. ಅದರ ಬದಲು ಹುಂಡಿ ಬರೆಸುತ್ತಾರೆ. ಫ್ಲಾರೆನ್ಸ್‌ನ ಬ್ಯಾಂಕಿನಲ್ಲಿ ಫ್ಲೋರಿನ್ ಕಟ್ಟಿದರೆ ಬ್ರೂಜ್ ನಗರದಲ್ಲಿರುವ ಅವರ ಪ್ರತಿನಿಧಿ ಎರಡು ತಿಂಗಳ ಅವಧಿ ಮುಗಿದ ಮೇಲೆ ಅಲ್ಲಿನ ನಾಣ್ಯದಲ್ಲಿ ಕೊಡುತ್ತಾನೆ. ಪ್ರತಿನಿಧಿ ಮುದ್ರೆಗಿಂತ ಹೆಚ್ಚಾಗಿ ನಂಬುವುದು ಕೈಬರಹವನ್ನು. ಇಲ್ಲಿ ಕಳ್ಳನಿಗೆ ಬೇಕಾದ ಕೌಶಲ ಬೀಗ ಮುರಿಯುವುದಲ್ಲ, ಅಕ್ಷರ ನಕಲು ಮಾಡುವುದು. ಜೊತೆಗೆ ನಿಮ್ಮ ಗುಂಪಿನ ಹಣ ಮೆದಿಚಿ ಬ್ಯಾಂಕಿನಲ್ಲಿದೆಯೋ ಅವರ ಎದುರಾಳಿ ಮನೆತನವಾದ ಪಾತ್ಸಿಗಳ ಬ್ಯಾಂಕಿನಲ್ಲಿದೆಯೋ ಎನ್ನುವುದೂ ಬರೆದಿಡಿ. ಪೋಪರ ಖಾತೆ ಮೆದಿಚಿಗಳಿಂದ ಪಾತ್ಸಿಗಳಿಗೆ ಹೋಗಿದ್ದು ಇದೇ ವರ್ಷಗಳಲ್ಲಿ.

ಹೊತ್ತು, ತಾರೀಖು, ಉಪವಾಸ

ಗಡಿಯಾರ ನಿಮ್ಮ ಆಟಗಾರರ ತಲೆ ಕೆಡಿಸಲಿ. ನಮ್ಮ ಪಂಚಾಂಗ ಸೂರ್ಯೋದಯದಿಂದ ಗಳಿಗೆ ಎಣಿಸಿದರೆ ಅಲ್ಲಿ ಸೂರ್ಯಾಸ್ತದಿಂದ ಗಂಟೆ ಎಣಿಸುತ್ತಾರೆ. ಸಂಜೆಗೆ 24 ಮುಗಿದು ಮತ್ತೆ ಒಂದು. ಕೆಥೀಡ್ರಲ್ಲಿನ ಒಳಗೋಡೆಯ ಮೇಲೆ 1443ರಲ್ಲಿ ಪಾವೊಲೊ ಉಚೆಲ್ಲೊ ಬಣ್ಣ ಬಳಿದ ಗಡಿಯಾರಕ್ಕೆ 24 ಅಂಕಿ, ಒಂದೇ ಮುಳ್ಳು, ಅದೂ ಹಿಮ್ಮುಖ ತಿರುಗುತ್ತದೆ. ಹೀಗಾಗಿ ಮಟಮಟ ಮಧ್ಯಾಹ್ನ ಬೇಸಿಗೆಯಲ್ಲಿ 16ನೇ ಗಂಟೆಯಾದರೆ ಚಳಿಗಾಲದಲ್ಲಿ 19ರ ಆಸುಪಾಸು. “20ನೇ ಗಂಟೆಗೆ ಸೇತುವೆ ಮೇಲೆ ಸಿಗು” ಎಂದರೆ ಕತ್ತಲಾಗಲು ಇನ್ನು ನಾಲ್ಕು ಗಂಟೆ ಇದೆ ಎಂದರ್ಥ. ಈ ಪದ್ಧತಿ ಆಟಕ್ಕೆ ಎಷ್ಟು ಅನುಕೂಲ ಎಂದರೆ, ಬೆಳಕು ಎಷ್ಟು ಉಳಿದಿದೆ ಎನ್ನುವುದು ಗಂಟೆಯಲ್ಲೇ ಇರುತ್ತದೆ. ಬಾಗಿಲು ಮುಚ್ಚುವ ಮುಂಚೆ ಊರು ಬಿಡಬೇಕಾದವನಿಗೆ ಬೇಕಾದ ಲೆಕ್ಕವೇ ಅದು.

ಹೊಸ ವರ್ಷ ಮಾರ್ಚ್ 25ಕ್ಕೆ. ನಾವು 1478ರ ಫೆಬ್ರವರಿ ಎನ್ನುವುದು ಅಲ್ಲಿನ ಕಾಗದದಲ್ಲಿ 1477ರ ಫೆಬ್ರವರಿ. ಹಳೇ ಪತ್ರ ಹುಡುಕುವ ಕತೆಯಿದ್ದರೆ ಇದೊಂದೇ ಒಗಟು ಒಂದು ಸಂಜೆಗೆ ಸಾಕು.

ವರ್ಷ ಯಾವುದು ಎಂದರೆ 1478ರ ಮೊದಲ ನಾಲ್ಕು ತಿಂಗಳನ್ನೇ ಹಿಡಿಯಿರಿ. ಏಪ್ರಿಲ್ 26ರ ಭಾನುವಾರ ಕೆಥೀಡ್ರಲ್ಲಿನಲ್ಲಿ ಪೂಜೆ ನಡೆಯುತ್ತಿರುವಾಗ ಪಾತ್ಸಿಗಳ ಕಡೆಯವರು ಲೊರೆಂಜೊನ ತಮ್ಮ ಜೂಲಿಯಾನೊನನ್ನು ಇರಿದು ಕೊಂದರು. ಲೊರೆಂಜೊ ಕುತ್ತಿಗೆಯ ಗಾಯದೊಂದಿಗೆ ಒಳಕೋಣೆ ಸೇರಿ ಬದುಕಿದ. ಆ ವರ್ಷದ ಈಸ್ಟರ್ ಮಾರ್ಚ್ 22, ಈಸ್ಟರ್ ಬರಬಹುದಾದ ಅತಿ ಮೊದಲ ತಾರೀಖು. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಉಪವಾಸಕ್ಕೆ ಮುಂಚಿನ ಮೋಜಿನ ಹಬ್ಬ ಕಾರ್ನಿವಲ್ ಫೆಬ್ರವರಿ 3ಕ್ಕೆ ಮುಗಿಯುತ್ತದೆ, 4ರಿಂದ ಈಸ್ಟರ್‌ವರೆಗೆ ಲೆಂಟ್ ಉಪವಾಸ. ಕಾರ್ನಿವಲ್‌ನ ಮುಖವಾಡದಲ್ಲಿ ಆಟ ಶುರು ಮಾಡಿ, ಹಸಿದ ಲೆಂಟ್‌ನಲ್ಲಿ ಗಂಟು ಬಿಗಿಯುತ್ತಾ, ಈಸ್ಟರಿನ ಮಾಂಸದೂಟ, ಮೂರು ದಿನಕ್ಕೆ ಹೊಸ ವರ್ಷ, ಆಮೇಲೆ ಒಂದು ತಿಂಗಳಿಗೆ ಚೂರಿ. ಇದಕ್ಕಿಂತ ಒಳ್ಳೇ ರಚನೆ ಬೇಕೆಂದರೂ ಸಿಗುವುದಿಲ್ಲ.

ಲೆಂಟ್ ಎಂದರೆ ಮಾಂಸ, ಮೊಟ್ಟೆ, ಹಾಲು, ಚೀಸ್ ಯಾವುದೂ ಇಲ್ಲ. ಮೀನು ಉಳ್ಳವರಿಗೆ, ಉಳಿದವರಿಗೆ ಬೇಳೆಕಾಳು, ಸೊಪ್ಪು, ಎಣ್ಣೆ, ಬ್ರೆಡ್. ಉಪವಾಸದ ದಿನ ಓಣಿಯಲ್ಲಿ ಮಾಂಸ ಹುರಿಯುವ ವಾಸನೆ ಬಂದರೆ ಅದು ಸುಳಿವು: ಆ ಮನೆಯಲ್ಲಿ ವೈದ್ಯರ ಅಪ್ಪಣೆ ಪಡೆದ ರೋಗಿ ಇದ್ದಾನೆ, ಇಲ್ಲವೇ ಧರ್ಮವನ್ನು ಕೇರ್ ಮಾಡದ ಪರಸ್ಥಳದ ಸಿಪಾಯಿ ಇದ್ದಾನೆ. ಮಾಮೂಲು ದಿನಗಳಲ್ಲಿ ಊಟ ಎರಡು ಹೊತ್ತು: ಮಧ್ಯಾಹ್ನದ ಆಸುಪಾಸು ‘ದೆಸಿನಾರೆ’, ಸಂಜೆಗೆ ‘ಚೇನಾ’. ಬ್ರೆಡ್, ನೀರು ಬೆರೆಸಿದ ವೈನು, ಈರುಳ್ಳಿ, ಚೀಸ್, ಕಾಳು. ಗುಡ್ಡದ ಕಡೆ ಚೆಸ್ಟ್‌ನಟ್ ಹಿಟ್ಟು. ಮರದ ಒಂದು ತಟ್ಟೆಯಲ್ಲಿ ಇಬ್ಬರು ಹಂಚಿಕೊಂಡು ತಿನ್ನುವುದು ವಾಡಿಕೆ, ಹಾಗಾಗಿ ಒಬ್ಬನ ಊಟಕ್ಕೆ ವಿಷ ಹಾಕುವ ಆಟಗಾರನಿಗೆ “ಪಕ್ಕದವನು ಯಾರು?” ಎಂದು ಕೇಳಿ. ಟೊಮೆಟೊ, ಆಲೂಗಡ್ಡೆ, ಮೆಕ್ಕೆಜೋಳ, ಮೆಣಸಿನಕಾಯಿ, ಕಾಫಿ, ತಂಬಾಕು ಒಂದೂ ಇಲ್ಲ. ಟೊಮೆಟೊ ಇಲ್ಲದ ಇಟಲಿಯನ್ನು ನೆನೆಸಿಕೊಳ್ಳಲು ನಿಮ್ಮ ಆಟಗಾರರು ಒದ್ದಾಡುತ್ತಾರೆ, ಒದ್ದಾಡಲಿ.

ಕರಿಮೆಣಸು ಮಾತ್ರ ಇದೆ, ಅದು ನಮ್ಮ ಪಶ್ಚಿಮ ಕರಾವಳಿಯದು. ಕೆಂಪು ಸಮುದ್ರ, ಅಲೆಕ್ಸಾಂಡ್ರಿಯಾ, ವೆನಿಸ್ ದಾಟಿ ಔಷಧಿ ಅಂಗಡಿಯ ಡಬ್ಬಿಗೆ ಬಂದಿರುತ್ತದೆ. ನಿಮ್ಮ ಗುಂಪಿಗೆ ಕನ್ನಡನಾಡಿನ ಸುದ್ದಿ ಕೇಳಿಸಲೇಬೇಕೆಂದಿದ್ದರೆ ನಿಜವಾದ ದಾರಿಯೊಂದಿದೆ. ವೆನಿಸ್ ಕಡೆಯ ನಿಕ್ಕೊಲೊ ದೆ ಕೊಂತಿ ವಿಜಯನಗರ ನೋಡಿ ಬಂದವನು. ಅಲೆದಾಟದಲ್ಲಿ ಕ್ರೈಸ್ತ ಧರ್ಮ ಬಿಡಬೇಕಾಗಿ ಬಂದದ್ದಕ್ಕೆ ಪ್ರಾಯಶ್ಚಿತ್ತವಾಗಿ ತನ್ನ ಕತೆಯನ್ನು ಪೋಪರ ಕಾರ್ಯದರ್ಶಿ ಪೊಜ್ಜೊ ಬ್ರಾಚೊಲಿನಿಗೆ ಹೇಳಿ ಬರೆಸಿದ. 1440ರ ದಶಕದ ಆ ಬರಹದಲ್ಲಿ ವಿಜಯನಗರದ ಸುತ್ತಳತೆ ಅರವತ್ತು ಮೈಲಿ ಎಂದಿದೆ. 1478ರಲ್ಲಿ ಓದುಬರಹ ಬಲ್ಲ ಒಬ್ಬ ಫ್ಲಾರೆನ್ಸ್ ಮುದುಕನಿಗೆ ಹಂಪಿಯ ವಿಷಯ ಗೊತ್ತಿರುವುದು ಸಾಧ್ಯ. ಅಷ್ಟಕ್ಕೇ ನಿಲ್ಲಿಸಿ, ವಿಜಯನಗರದ ರಾಯಭಾರಿಯನ್ನು ಆರ್ನೊ ದಂಡೆಗೆ ತಂದು ನಿಲ್ಲಿಸಬೇಡಿ.

ರಾತ್ರಿ ಬೀದಿಗಿಳಿದರೆ

ಸಂಜೆ ಕೋಟೆಬಾಗಿಲು ಮುಚ್ಚುತ್ತದೆ. ಆಮೇಲೆ ಗಂಟೆ ಹೊಡೆಯುತ್ತದೆ. ಅದಾದ ಮೇಲೆ ದೀಪವಿಲ್ಲದೆ ಬೀದಿಯಲ್ಲಿ ಸಿಕ್ಕರೆ ದಂಡ. ಪರವಾನಗಿ ಇಲ್ಲದೆ ಆಯುಧ ಹಿಡಿದಿದ್ದರೆ ಇನ್ನೂ ದೊಡ್ಡ ತೊಂದರೆ. ಆಟಗಾರರ ಕತ್ತಿ ಬಿಡಿಸುವುದೇ ಎಲ್ಲ ಗೇಮ್ ಮಾಸ್ಟರ್‌ಗಳಿಗೂ ತಲೆನೋವು. ಬಲವಂತವಾಗಿ ಕಿತ್ತುಕೊಂಡರೆ ಜಗಳವಾಗುತ್ತದೆ. ಕತ್ತಿ ಇರಲಿ, ಹಿಡಿದು ಓಡಾಡುವ ಬೆಲೆ ತೋರಿಸಿ. ಊಟಕ್ಕೆ ಬಳಸುವ ಚೂರಿ ಯಾರ ಸೊಂಟದಲ್ಲಾದರೂ ಇರುತ್ತದೆ, ಅದನ್ನು ಯಾರೂ ಕೇಳುವುದಿಲ್ಲ. ಕತ್ತಿಗೆ ‘ಒತ್ತೊ ದಿ ಗ್ವಾರ್ದಿಯಾ’, ಅಂದರೆ ಊರಿನ ಭದ್ರತೆ ನೋಡಿಕೊಳ್ಳುವ ಎಂಟು ಜನರ ಮಂಡಳಿಯ ಒಪ್ಪಿಗೆ ಬೇಕು. ಒಪ್ಪಿಗೆ ಬೇಕೆಂದರೆ ಶಿಫಾರಸು ಬೇಕು. ಶಿಫಾರಸು ಎಂದರೆ ಮತ್ತೆ ಅದೇ: ಯಾರ ಕಡೆಯವರು?

ಹಿಡಿದರೆ ಏನಾಗುತ್ತದೆ ಎಂಬುದನ್ನು ಹಗುರವಾಗಿ ಮುಗಿಸಬೇಡಿ. ದೊಡ್ಡ ಮೊಕದ್ದಮೆ ನಡೆಸುವ ಪೊದೆಸ್ತಾ ಬೇಕೆಂದೇ ಪರಊರಿನವನು, ಇಲ್ಲಿನ ಯಾವ ಮನೆತನಕ್ಕೂ ನೆಂಟನಾಗಿರಬಾರದೆಂದು. ವಿಚಾರಣೆಯ ಮಾಮೂಲಿ ಸಾಧನ ಹಗ್ಗ: ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ರಾಟೆಯಿಂದ ಮೇಲಕ್ಕೆಳೆದು, ಥಟ್ಟನೆ ಬಿಟ್ಟು ನೆಲ ಮುಟ್ಟುವ ಮೊದಲೇ ನಿಲ್ಲಿಸುವುದು. ಭುಜದ ಕೀಲು ಕಳಚುತ್ತದೆ. 1513ರಲ್ಲಿ ಮಾಕಿಯಾವೆಲ್ಲಿಗೆ ಮಾಡಿದ್ದು ಇದನ್ನೇ. ಇದನ್ನು ಆಟದಲ್ಲಿ ಬಣ್ಣಿಸಬೇಕೋ ಬೇಡವೋ ಎಂದು ಮೊದಲೇ ಮೇಜಿನಲ್ಲಿ ಕೇಳಿಕೊಳ್ಳಿ. “ಹಗ್ಗ ಕಟ್ಟಿದ್ದಾರೆ” ಎಂದಷ್ಟೇ ಹೇಳಿ ದೃಶ್ಯ ಮುಗಿಸಿದರೂ ಸಾಕು. ಸಾಲ ತೀರಿಸದವರು ಸ್ತಿಂಕೆ ಜೈಲಿನಲ್ಲಿ. ಅಲ್ಲಿ ಬ್ಯಾಂಕರ್, ಕಸಾಯಿ, ಕವಿ ಎಲ್ಲ ಒಂದೇ ಕೋಣೆಯಲ್ಲಿ ಸಿಗುತ್ತಾರೆ, ಹಾಗಾಗಿ ಸುದ್ದಿ ಸಂಗ್ರಹಕ್ಕೆ ಅದರಷ್ಟು ಒಳ್ಳೇ ಜಾಗ ಇಲ್ಲ.

ನಾನು ನಿಮ್ಮ ಜಾಗದಲ್ಲಿದ್ದರೆ ಅತಿ ಹೆಚ್ಚು ಬಳಸುವ ವಸ್ತು ‘ತಂಬೂರೊ’. ಊರಿನ ಕೆಲವು ಕಡೆ ಇಟ್ಟಿರುವ, ಮೇಲೆ ಸೀಳು ಬಿಟ್ಟ ಪೆಟ್ಟಿಗೆ. ಯಾರು ಬೇಕಾದರೂ ಹೆಸರು ಹಾಕದೆ ಯಾರ ಮೇಲಾದರೂ ದೂರು ಬರೆದು ಹಾಕಬಹುದು. 1476ರ ಏಪ್ರಿಲ್‌ನಲ್ಲಿ ಲಿಯೊನಾರ್ಡೊನ ಮೇಲೂ ಇನ್ನು ಕೆಲವರ ಮೇಲೂ ಸಲಿಂಗಕಾಮದ ಆರೋಪದ ಚೀಟಿ ಬಿತ್ತು. ಯಾರೂ ಮುಂದೆ ಬಂದು ಸಾಕ್ಷಿ ಹೇಳದೆ ಕೇಸು ಬಿದ್ದುಹೋಯಿತು. ಆಟದಲ್ಲಿ ಇದನ್ನು ಹೀಗೆ ನಡೆಸಿ: ಪ್ರತಿ ಸೆಷನ್ ಮುಗಿದಾಗ ಆಟಗಾರರು ಯಾರನ್ನು ಅವಮಾನಿಸಿದರು ಎಂದು ಪಟ್ಟಿ ಮಾಡಿ. ಒಬ್ಬೊಬ್ಬನಿಗೂ ಒಂದು ದಾಳ. 6 ಬಿದ್ದವನು ಚೀಟಿ ಹಾಕಿದ. ಒಂದು ವಾರದ ಮೇಲೆ ಕರೆ ಬರುತ್ತದೆ. ಕರೆ ಕಳಿಸಿದವರಿಗೂ ದೂರುದಾರ ಯಾರೆಂದು ಗೊತ್ತಿರುವುದಿಲ್ಲ. ಆಟಗಾರರೇ ಸಿಕ್ಕಿದ್ದಕ್ಕೆಲ್ಲ ಚೀಟಿ ಹಾಕಲು ಶುರು ಮಾಡುವುದು ಗ್ಯಾರಂಟಿ. ಅಕ್ಷರ ಗುರುತು ಹಿಡಿಯುವವರು ಊರಿನಲ್ಲಿ ಬಹಳ ಜನ ಇದ್ದಾರೆಂದು ಮೂರನೇ ಚೀಟಿಗೆ ತೋರಿಸಿ.

ಬಟ್ಟೆಯ ವಿಷಯವೂ ಹೊಡೆದಾಟಕ್ಕೆ ಸಂಬಂಧಿಸಿದ್ದೇ. ಗಂಡಸು ಮೊದಲು ಲಿನನ್ ಅಂಗಿ ತೊಡುತ್ತಾನೆ. ಮೈ ತೊಳೆಯುವುದಕ್ಕಿಂತ ಈ ಅಂಗಿ ಬದಲಿಸುವುದೇ ಶುಚಿ. ಅದರ ಮೇಲೆ ಮೈಗಂಟಿದ ಮೇಲಂಗಿ, ‘ಫರ್ಸೆತ್ತೊ’. ಕಾಲಿಗೆ ಬಿಗಿಯಾದ ಉಣ್ಣೆಯ ‘ಕಾಲ್ಸೆ’, ಅದರ ಅಂಚನ್ನು ಫರ್ಸೆತ್ತೊದ ಕೆಳಅಂಚಿಗೆ ಲಾಡಿಗಳಿಂದ ಕಟ್ಟಬೇಕು. ಬಗ್ಗಿ ಕೆಲಸ ಮಾಡುವವರು ಹಿಂದಿನ ಲಾಡಿ ಬಿಚ್ಚಿಕೊಂಡಿರುತ್ತಾರೆ, ಇಲ್ಲದಿದ್ದರೆ ಹರಿಯುತ್ತದೆ. ಶೌಚಕ್ಕೆ ಹೋದವನನ್ನೋ ನಡುರಾತ್ರಿ ಹಾಸಿಗೆಯಿಂದ ಎದ್ದವನನ್ನೋ ಮುತ್ತಿದರೆ ಲಾಡಿ ಕಟ್ಟಲು ಹೊಡೆದಾಟದ ಎರಡು ಸರದಿ ಬೇಕು ಎಂದು ನಿಯಮ ಮಾಡಿ. ಕಟ್ಟದೆ ಓಡಿದರೆ ಕಾಲ್ಸೆ ಜಾರುತ್ತದೆ. ಅಧಿಕಾರಕ್ಕೆ ಅರ್ಹನಾದ ನಾಗರಿಕ ಹೊರಗೆ ಹೋಗುವಾಗ ಪಾದದವರೆಗೆ ಇಳಿಯುವ ನಿಲುವಂಗಿ ‘ಲುಕ್ಕೊ’ ತೊಡುತ್ತಾನೆ. ಅದನ್ನು ಕದ್ದು ತೊಟ್ಟರೆ ಅರ್ಧ ಊರು ದಾರಿ ಬಿಡುತ್ತದೆ, ಅವನ ಕೇರಿಯವರು ಮಾತ್ರ ನಿಲ್ಲಿಸಿ ಮುಖ ನೋಡುತ್ತಾರೆ.

ಮನೆಯೊಳಗೆ ಕಿಟಕಿಗೆ ಗಾಜಿಲ್ಲ, ಎಣ್ಣೆ ಹಚ್ಚಿದ ಬಟ್ಟೆ ಬಿಗಿದ ಚೌಕಟ್ಟು. ಬೆಳಕು ಬರುತ್ತದೆ, ಆಚೆಗೇನೂ ಕಾಣದು, ಮಾತು ಕೇಳಿಸುತ್ತದೆ. ಕದ್ದು ಕೇಳಲು ಹೇಳಿ ಮಾಡಿಸಿದ್ದು.

ಹೆಣ್ಣು ಪಾತ್ರಗಳ ಬಗ್ಗೆ ಎರಡು ಮಾತು, ಏಕೆಂದರೆ ಇಲ್ಲಿ ಗೇಮ್ ಮಾಸ್ಟರ್‌ಗಳು ಒಂದೋ ಎಲ್ಲ ಸಡಿಲ ಬಿಡುತ್ತಾರೆ, ಇಲ್ಲವೇ ಆಡಲು ಏನೂ ಉಳಿಸುವುದಿಲ್ಲ. ಹುಡುಗಿಗೆ 17–18ಕ್ಕೆ ಮದುವೆ, ಗಂಡಿಗೆ 30ರ ಆಸುಪಾಸು. ಶ್ರೀಮಂತರ ಮನೆಯ ವರದಕ್ಷಿಣೆ 1,000 ಫ್ಲೋರಿನ್ ದಾಟುತ್ತದೆ, ನಮ್ಮ ಕೂಲಿಯವನ 47 ವರ್ಷದ ದುಡಿಮೆ. ಇದಕ್ಕೆಂದೇ ಸರ್ಕಾರ 1425ರಲ್ಲಿ ‘ಮೊಂತೆ ದೆಲ್ಲೆ ದೋತಿ’ ಎಂಬ ನಿಧಿ ತೆರೆದಿತ್ತು. ಮಗಳು ಹುಟ್ಟಿದಾಗ ಹಣ ಹೂಡಿದರೆ 15 ವರ್ಷಕ್ಕೆ, ಅಥವಾ ಅದರರ್ಧ ಅವಧಿಗೆ, ಬಡ್ಡಿ ಸಮೇತ. ಕರಾರಿಗೆ ಸಹಿ ಹಾಕಲು ಹೆಂಗಸಿಗೆ ಗಂಡು ಪೋಷಕನೊಬ್ಬ ಇರಲೇಬೇಕು. ಹೀಗಿದ್ದರೂ ಆಡಲು ಸೊಗಸಾದ ಪಾತ್ರಗಳಿವೆ. ವಿಧವೆಗೆ ವರದಕ್ಷಿಣೆಯ ಹಣದ ಮೇಲೆ ಹಕ್ಕಿದೆ, ಅದಕ್ಕಾಗಿ ತವರಿನವರೂ ಗಂಡನ ಕಡೆಯವರೂ ಎಳೆದಾಡುತ್ತಾರೆ. ಕಪ್ಪು ಸಮುದ್ರದ ಕಡೆಯಿಂದ ತಂದು ಮಾರಿದ ತಾರ್ತಾರ್, ಚೆರ್ಕೆಸ್ ಗುಲಾಮ ಹೆಂಗಸರು ಶ್ರೀಮಂತರ ಅಡುಗೆಮನೆಯಲ್ಲಿದ್ದಾರೆ. ಎಲ್ಲ ಕೇಳಿಸಿಕೊಳ್ಳುತ್ತಾರೆ, ಅವರನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಇನ್ನು ಸಾನ್ ಯಾಕೊಪೊ ದಿ ರಿಪೊಲಿ ಕಾನ್ವೆಂಟಿನಲ್ಲಿ 1476ರಿಂದ ಮುದ್ರಣಾಲಯವಿದೆ, ಸನ್ಯಾಸಿನಿಯರೇ ಅಚ್ಚುಮೊಳೆ ಜೋಡಿಸುತ್ತಾರೆ. ಪಿತೂರಿಯ ಕರಪತ್ರವೊಂದು ಮೊದಲು ಯಾರ ಕಣ್ಣಿಗೆ ಬೀಳುತ್ತದೆ ಯೋಚಿಸಿ.

ಊರಿನ ನೋಟ ಹೇಳುವಾಗ ಇಂದಿನ ಫೋಟೊ ನೋಡಬೇಡಿ. ಗುಮ್ಮಟ ಇದೆ, ತುದಿಯ ಚಿನ್ನದ ಚೆಂಡು 1471ರಲ್ಲಿ ಏರಿದೆ. ಆದರೆ ಕೆಥೀಡ್ರಲ್ಲಿನ ಮುಂಭಾಗ ಅರೆಬರೆ; ಈಗ ಕಾಣುವುದು 19ನೇ ಶತಮಾನದ್ದು. ಮೈಕೆಲಾಂಜೆಲೊನ ದಾವೀದ್ ಶಿಲ್ಪ ಬರುವುದು 1504ಕ್ಕೆ. ಪೊಂತೆ ವೆಕ್ಯೊ ಸೇತುವೆ ಮೇಲೆ ಚಿನ್ನದಂಗಡಿ ಬಂದದ್ದು 1593ರಲ್ಲಿ. ನಿಮ್ಮ ಕಾಲಕ್ಕೆ ಅಲ್ಲಿ ಕಸಾಯಿ ಅಂಗಡಿಗಳು, ಕಸವೆಲ್ಲ ನೇರ ಹೊಳೆಗೆ. ಅದೇ ಹೊಳೆಯಲ್ಲಿ ಉಣ್ಣೆ ತೊಳೆಯುತ್ತಾರೆ, ಬಣ್ಣದವರು ತೊಟ್ಟಿ ಬಸಿಯುತ್ತಾರೆ. ಹೆಣ ಎಸೆಯಲು ಹೊರಟ ಆಟಗಾರರಿಗೆ ಬೇಸಿಗೆಯ ಆರ್ನೊದಲ್ಲಿ ನೀರು ಮೊಣಕಾಲುದ್ದ ಎಂದು ನೆನಪಿಸಿ.

ಏಪ್ರಿಲ್ 26ನ್ನು ಆಡಿಸುವಾಗ ಕೆಥೀಡ್ರಲ್ಲಿಗಿಂತ ಸಿನ್ಯೊರಿಯಾದ ಅರಮನೆಯಲ್ಲಿ ನಿಮ್ಮ ಗುಂಪನ್ನು ಇಡಿ. ಪಿತೂರಿಯ ಒಬ್ಬ ಮುಖಂಡ, ಆರ್ಚ್‌ಬಿಷಪ್ ಸಾಲ್ವಿಯಾತಿ, ಪೆರುಜಾದ ಬಂಟರನ್ನು ಕಟ್ಟಿಕೊಂಡು ಅರಮನೆ ಹಿಡಿಯಲು ಬಂದ. ಬಂಟರನ್ನು ಒಂದು ಕೋಣೆಯಲ್ಲಿ ಕೂರಿಸಿದರು. ಆ ಬಾಗಿಲು ಮುಚ್ಚಿಕೊಂಡರೆ ಬೀಗ ತಾನಾಗಿ ಬೀಳುತ್ತದೆ, ಕೀ ಇಲ್ಲದೆ ಒಳಗಿನಿಂದ ತೆರೆಯದು. ಬಂಟರು ಒಳಗೇ ಉಳಿದರು. ಈ ಕಡೆ ಸಾಲ್ವಿಯಾತಿಯ ತೊದಲು ಮಾತು ಕೇಳಿ ಗೊನ್ಫಾಲೊನಿಯೆರೆ ಚೇಸರೆ ಪೆತ್ರುಚ್ಚಿಗೆ ಅನುಮಾನ ಬಂತು, ಕಾವಲಿನವರನ್ನು ಕೂಗಿದ. ಹೊರಗೆ ಯಾಕೊಪೊ ದೆ ಪಾತ್ಸಿ ಚೌಕದಲ್ಲಿ “ಜನ! ಸ್ವಾತಂತ್ರ್ಯ!” ಎಂದು ಕೂಗುತ್ತಾ ಬಂದರೆ ಜನ ಮೆದಿಚಿ ಲಾಂಛನದ ಗುಂಡುಗಳ ಹೆಸರೆತ್ತಿ “ಪಾಲ್ಲೆ! ಪಾಲ್ಲೆ!” ಎಂದು ತಿರುಗಿ ಕೂಗಿದರು. ಸಾಲ್ವಿಯಾತಿಯನ್ನು ಅಂದೇ ಅರಮನೆಯ ಕಿಟಕಿಗೆ ನೇಣು ಹಾಕಿದರು. ಇಡೀ ಪಿತೂರಿ ಮುರಿದದ್ದು ಕತ್ತಿಯಿಂದಲ್ಲ, ಒಂದು ಬಾಗಿಲ ಬೀಗದಿಂದ ಮತ್ತು ಜನ ತಮ್ಮ ಕಡೆ ಎಂದು ಪಾತ್ಸಿಗಳು ತಪ್ಪು ತಿಳಿದದ್ದರಿಂದ. ನಿಮ್ಮ ಆಟಗಾರರ ಕೈಗೆ ಆ ಬಾಗಿಲಿನ ಕೀ ಕೊಟ್ಟು ನೋಡಿ. ಫಲಿತಾಂಶ ಬದಲಾದರೆ ಬದಲಾಗಲಿ. ಪರೀಕ್ಷೆಗೆ ಉತ್ತರ ಬರೆಯುತ್ತಿಲ್ಲವಲ್ಲ. ಬದಲಾಗದಿದ್ದರೆ ಮುಂದಿನದು ಚರಿತ್ರೆಯಲ್ಲೇ ಸಿದ್ಧವಿದೆ: ಪೋಪರಿಂದ ಬಹಿಷ್ಕಾರ, ಯುದ್ಧ, ಜೊತೆಗೆ ಪ್ಲೇಗ್. ಜೂಲಿಯಾನೊನನ್ನು ಇರಿದವರಲ್ಲಿ ಒಬ್ಬನಾದ ಬೆರ್ನಾರ್ದೊ ಬಂದೀನಿ ಕಾನ್‌ಸ್ಟಾಂಟಿನೋಪಲ್‌ವರೆಗೆ ಓಡಿದ. ಅಲ್ಲಿಂದ ಹಿಡಿದು ತಂದು 1479ರ ಡಿಸೆಂಬರ್‌ನಲ್ಲಿ ನೇಣಿಗೆ ಹಾಕಿದರು. ಎರಡನೇ ಕ್ಯಾಂಪೇನಿಗೆ ಅದೇ ಸಾಕು. ದೂರ, ಕಾಲ ಲೆಕ್ಕಕ್ಕೆ: ವ್ಯಾಪಾರಿಗಳ ಟಪಾಲು ರೋಮ್‌ಗೆ 5–6 ದಿನ, ನೇಪಲ್ಸ್‌ಗೆ 11–12, ಲಂಡನ್‌ಗೆ 25–30.

ಲಿಯೊನಾರ್ಡೊನನ್ನು ತರಲೇಬೇಕು ಅಂತೀರಿ, ಗೊತ್ತು. ಬಿಳಿಗಡ್ಡದ ಜ್ಞಾನಿಯನ್ನು ತರಬೇಡಿ. 1478ರಲ್ಲಿ ಅವನಿಗೆ 26 ವರ್ಷ, ನೋಟರಿ ಸೆರ್ ಪಿಯೆರೊನ ಮದುವೆಯಾಚೆಗಿನ ಮಗ, ಶಿಲ್ಪಿ, ಚಿತ್ರಕಾರ ವೆರೊಕ್ಯೊನ ಕಾರ್ಖಾನೆಯಲ್ಲಿ ಪಳಗಿದವನು. ಆ ಜನವರಿಯಲ್ಲಷ್ಟೇ ಅರಮನೆಯ ಚಾಪೆಲ್ಲಿಗೆ ಚಿತ್ರ ಬರೆದುಕೊಡಲು ಸಿನ್ಯೊರಿಯಾದಿಂದ ಕೆಲಸ ಹಿಡಿದಿದ್ದಾನೆ, ಮಾರ್ಚ್‌ನಲ್ಲಿ 25 ಫ್ಲೋರಿನ್ ಮುಂಗಡ ಎಣಿಸಿಕೊಳ್ಳುತ್ತಾನೆ, ಚಿತ್ರ ಮುಗಿಸುವುದೇ ಇಲ್ಲ. ನಿಮ್ಮ ಗುಂಪು ಅವನ ಹತ್ತಿರ ಏನೇ ಮಾಡಿಸಲು ಹೋದರೂ ಖುಷಿಯಿಂದ ಒಪ್ಪಿಕೊಳ್ಳುತ್ತಾನೆ, ಮುಂಗಡವನ್ನೂ ತೆಗೆದುಕೊಳ್ಳುತ್ತಾನೆ.